ಮಾವ ತೊಡದ ರೇಷ್ಮೆ

"ಹೊದ್ಕೊಳೋ ಮುದಿಗೂಬೆ! ಫೋಟೋಗೆ ತಾನೇ ಕೇಳ್ತಿರೋದು, ನಿನ್ನ ತಲೆ ಕೇಳ್ಲಿಲ್ವಲ್ಲ!"

ಸಾಹುಕಾರ ಮಗ್ಗದ ದಿಂಡು ಹಿಂದಕ್ಕೆ ತಿರುಗದಂತೆ ತಡೆಯುವ ಹಲ್ಲುಗಾಲಿಯ ಕೊಕ್ಕೆ ಎತ್ತಿ, ದಿಂಡಿಗೆ ಸುತ್ತಿದ್ದ ನೇಯ್ದ ರೇಷ್ಮೆಯನ್ನು ಮಾರುದ್ದ ಬಿಚ್ಚಿ ಎಳೆದ. ಮಸೀದಿ ಮಗ್ಗುಲಿನ ಈ ಓಣಿಯಲ್ಲಿ ಹಿಂದೆ ಮನೆಗೊಂದು ಮಗ್ಗವಿತ್ತು. ಈಗ ನೆತ್ತಿಯ ಮೇಲೆ ಮೇಲ್ಸೇತುವೆ, ಎದುರಿಗೆ ಗಾಜಿನ ಹೋಟೆಲು, ನಡುವೆ ನಮ್ಮ ಹಲಗೆಮನೆ. ಮನೆಯೂ ಮಗ್ಗವೂ ಸಾಹುಕಾರನವೇ. ಬಾಗಿಲಲ್ಲಿ ಅವನ ವಿದೇಶಿ ಗಿರಾಕಿಗಳು ಕ್ಯಾಮೆರಾ ಹಿಡಿದು ನಿಂತಿದ್ದರು.

ಮಾವ ಮಗ್ಗದ ಹಲಗೆ ಬಿಟ್ಟು ಏಳಲಿಲ್ಲ. "ನೇಯ್ತೀನಿ ಧಣಿ, ಹೊದೆಯಲ್ಲ. ನಮ್ಮ ಧರ್ಮದಲ್ಲಿ ಗಂಡಸರು ರೇಷ್ಮೆ ಮೈಗೆ ಹಾಕಲ್ಲ. ನಮ್ಮಪ್ಪ ಹಾಕಲಿಲ್ಲ, ಅವರಪ್ಪನೂ ಹಾಕಲಿಲ್ಲ."

"ಅದಕ್ಕೇ ಎಲ್ಲಾ ಚಿಂದಿ ಸುತ್ಕೊಂಡು ಸತ್ರು."

ಮೂಲೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ರೇಷ್ಮೆ ನಿಮ್ಮಂಥ ಹೊಟ್ಟೆಗೇ ಒಪ್ಪೋದು ಧಣಿ. ನೀವೇ ಹೊದ್ದು ನಿಂತ್ಕೊಳಿ, ಫೋಟೋನೂ ತುಂಬತ್ತೆ."

ದಿಂಡಿನ ಪಕ್ಕ ನಿಂತಿದ್ದ ಸೊಸೆ ನಾನು ನಕ್ಕುಬಿಟ್ಟೆ.

ಆ ನಗು ಅವನಿಗೆ ನಾಟಿತು. ಬಟ್ಟೆಯ ಮಡಿಕೆಯನ್ನು ಮಾವನ ಕೊರಳಿಗೆ ಎಸೆದು, ಎರಡು ಸುತ್ತು ತನ್ನ ಮುಂಗೈಗೆ ಹಾಕಿಕೊಂಡು ಜಗ್ಗಿದ. ಮಾವ ಉರುಳಿಬಿದ್ದರು. ಹಣೆ ಮಗ್ಗದ ಕಾಲಿಗೆ ಬಡಿದು ಒಡೆಯಿತು. ರಕ್ತ ರೇಷ್ಮೆಯಲ್ಲಿ ತಕ್ಷಣ ಇಂಗಲಿಲ್ಲ, ಹನಿಯಾಗಿಯೇ ಜಾರಿತು.

"ನೋಡಿ, ಹೇಗೆ ಎಳೆದ್ರೂ ಹರಿಯಲ್ಲ," ಎಂದ ಗಿರಾಕಿಗಳತ್ತ ತಿರುಗಿ. "ನಮ್ಮ ಅಂಗಡಿ ಮಾಲು." ಮಾವನ ಎದೆಗೆ ಒದ್ದ. "ಹೊದೆಯಲ್ವಾ? ನಾಳೆ ಈ ಮಗ್ಗ ಒಲೆಗೆ, ನೀವು ಬೀದಿಗೆ!"

ಮಾವನ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಕ್ಯಾಮೆರಾಗಳು ಕೆಳಗಿಳಿಯಲಿಲ್ಲ.

ಅತ್ತೆ ಹಾರಿ ಬಂದು ಮಡಿಕೆಯನ್ನು ಮಾವನ ತಲೆಯ ಮೇಲಿಂದ ಕಿತ್ತು ತೆಗೆದರು. ಸಾಹುಕಾರನ ಬಿಡುಗೈ ಅವರ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿತು. ಇನ್ನೊಂದು ಕೈ ಸುತ್ತಿದ ಬಟ್ಟೆಯಲ್ಲೇ ಸಿಕ್ಕಿತ್ತು.

ನಾನು ಕೊಕ್ಕೆ ಬೀಳಿಸಿ ದಿಂಡಿನ ಹಿಡಿ ತಿರುಗಿಸಿದೆ. ಕೊಕ್ಕೆ ಬಿದ್ದ ಮೇಲೆ ಹಲ್ಲುಗಾಲಿ ಮುಂದಕ್ಕೆ ಮಾತ್ರ ಹೋಗುತ್ತದೆ; ದಿಂಡು ಬಟ್ಟೆ ಸುತ್ತಿಕೊಳ್ಳುತ್ತದೆ, ಬಿಡುವುದಿಲ್ಲ. ಟಕ್. ಟಕ್. ಟಕ್. ಸಡಿಲವೆಲ್ಲ ಮುಗಿಯಿತು. ಅವನು ಮಂಡಿಯೂರಿ ಬಿದ್ದ. ಮೊದಲು ಬೆರಳುಗಳು ದಿಂಡಿನ ಸಂದಿಗೆ ಸೇರಿದವು, ಆಮೇಲೆ ಮುಂಗೈ. ಒಳಗೆ ಏನೋ ಲಟಕ್ಕೆಂದಿತು.

"ಬಿಡೇ ಬೋಳಿಮಗಳೇ! ಅಯ್ಯೋ... ಬಿಡಮ್ಮ, ಕಾಲಿಗೆ ಬೀಳ್ತೀನಿ, ಕೊಕ್ಕೆ ಎತ್ತಮ್ಮ ತಾಯಿ!"

ಬಾಗಿಲಲ್ಲಿ ಯಾರೂ ಉಳಿದಿರಲಿಲ್ಲ. ನಾನು ಹಿಡಿ ನಿಲ್ಲಿಸಿ ಬಿಗಿದ ಬಟ್ಟೆಯತ್ತ ನೋಡಿದೆ.

ಮಾವ ನೆಲದ ಮೇಲೆ ಕೂತು, ಕೊರಳು ನೀವಿಕೊಳ್ಳುತ್ತ, ಬಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಹರಿಯತ್ತೆ ಅಂತ ಹೆದರ್ಬೇಡ ಮಗಳೇ," ಎಂದರು. "ನಾನು ನೇಯ್ದಿರೋದು."

ಟಕ್.