ಹುಳುಮನೆಯಲ್ಲಿ, ಕಾಯಿಲೆಯ ಇಪ್ಪತ್ತೆರಡನೇ ದಿನ

ಕೊರೊನಾ ವಾಸಿಯಾಗಿ ಮಂಡ್ಯದ ಆಸ್ಪತ್ರೆಯಿಂದ ಬಂದ ನನ್ನನ್ನು ಅವ್ವ ಹಿತ್ತಲಿನ ಹುಳುಮನೆಯಲ್ಲಿ ಇರಿಸಿದಳು. ಆ ಸಲದ ರೇಷ್ಮೆ ಬೆಳೆ ಮುಗಿದು ಅದು ಖಾಲಿಯಿತ್ತು. ಒಳಮನೆಯಲ್ಲಿ ಅಕ್ಕ ಅರುಂಧತಿಯ ಮಗು. ನಾನು ಆಸ್ಪತ್ರೆಯಲ್ಲಿದ್ದಾಗ ಹುಟ್ಟಿದ್ದು. ಅಳು ಕೇಳಿದ್ದೆ, ಮುಖ ನೋಡಿರಲಿಲ್ಲ.

"ನೆಗೆಟಿವ್ ಅಂತ ಕಾಗ್ದ ಬರ್ಲಿ, ಆಮೇಲೆ ಎತ್ಕೊ," ಅಂದಿದ್ದಳು ಅವ್ವ.

ಅಕ್ಕನ ಅತ್ತೆ ಕಾಲು ಮುರಿದುಕೊಂಡಿದ್ದರಿಂದ ಭಾನುವಾರವೇ ಅವಳು ಮಗುವಿನೊಂದಿಗೆ ಮಳವಳ್ಳಿಗೆ ಹೊರಡಬೇಕಿತ್ತು. ಆತಗೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಗಂಟಲ ದ್ರವ ಕೊಟ್ಟು ಬಂದೆ. ಶುಕ್ರವಾರ ಉತ್ತರ ಬಂತು: ಪಾಸಿಟಿವ್.

ಜ್ವರವಿಲ್ಲ, ಕೆಮ್ಮಿಲ್ಲ, ಒಗ್ಗರಣೆಯ ವಾಸನೆಯೂ ಮೂಗಿಗೆ ಮರಳಿದೆ. ಹಾಗಾದರೆ ನನ್ನೊಳಗೆ ಇರುವುದೇನು? ಭಯಕ್ಕಿಂತ ಆ ಪ್ರಶ್ನೆಯೇ ನನ್ನನ್ನು ಹಿಡಿದುಕೊಂಡಿತು. ಮಂಡ್ಯದ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ.

"ಸತ್ತ ವೈರಸ್ಸಿನ ಚೂರುಗಳಿದ್ದರೂ ಟೆಸ್ಟಲ್ಲಿ ಕಾಣುತ್ತಮ್ಮ. ಕಾಯಿಲೆ ಶುರುವಾಗಿ ಇಪ್ಪತ್ತೊಂದು ದಿನ ಆಯ್ತು. ಇನ್ನು ನಿಮ್ಮಿಂದ ಹರಡಲ್ಲ. ಮತ್ತೆ ಟೆಸ್ಟ್ ಮಾಡ್ಸೋಕೆ ಯಾರು ಹೇಳಿದ್ದು?"

ಅವ್ವನಿಗೆ ಹೇಳಿದೆ. "ಹಂಗಾರೆ ಕಾಗ್ದ ಸುಳ್ಳೇಳ್ತದಾ?" ಅಂದಳು.

ಕಾಗದ ಸುಳ್ಳು ಹೇಳಿರಲಿಲ್ಲ. ಇದ್ದದ್ದನ್ನು ಇದೆ ಅಂದಿತ್ತು. ಅದಕ್ಕೆ ಜೀವವಿದೆಯೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ಶನಿವಾರ ಅಜ್ಜಿ ಮಂಚಮ್ಮ ಊಟ ತಂದಳು, ಹಿಂದೆಯೇ ಅವ್ವ. ನಾನು ಹುಳು ಸಾಕುವ ಬಿದಿರ ತಟ್ಟೆಯ ಹೆಣಿಗೆಯಿಂದ ಒಂದು ಒಣ ಪೊರೆಯನ್ನು ಉಗುರಲ್ಲಿ ಬಿಡಿಸುತ್ತಿದ್ದೆ. ಬೆಳೆಯುವ ಹುಳು ಕಳಚಿಟ್ಟು ಹೋದ ಚರ್ಮ. ಇಷ್ಟು ದಿನದಲ್ಲಿ ಅದೇ ನನ್ನ ಅಭ್ಯಾಸವಾಗಿತ್ತು.

"ಅಜ್ಜಿ, ಡಾಕ್ಟರು ಹೇಳಿದ ಚೂರು ಅಂದ್ರೆ ಇಂಥದ್ದೇ ಇರ್ಬೇಕು."

ಅಜ್ಜಿ ಅದನ್ನು ಅಂಗೈಯಲ್ಲಿ ಹಿಡಿದು ಅವ್ವನ ಮೂಗಿನ ಹತ್ತಿರ ತಂದಳು. "ಇದುಕ್ಕೆ ಸೊಪ್ಪಾಕ್ತೀಯೇನಮ್ಮಿ?"

"ಪೊರೆಗ್ಯಾಕತ್ತೆ ಸೊಪ್ಪು?"

"ಮತ್ತೆ ಮಗಳ್ನ ಯಾಕೆ ಕೂಡಾಕಿದ್ದೀಯೆ? ಅವ್ಳೂ ಪೊರೆ ಬುಟ್ಟವ್ಳೆ ಕಣಮ್ಮಿ."

ಅವ್ವ ಆ ಪೊರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮನೆಯತ್ತ ತಿರುಗಿದಳು. ಅದು ಒಪ್ಪಿಗೆಯೋ ಅಂಜಿಕೆಯೋ ತಿಳಿಯದೆ ಅವಳು ಒಳಗೆ ಹೋಗುವುದನ್ನೇ ನೋಡಿದೆ. ಸ್ವಲ್ಪ ಹೊತ್ತಿಗೆ ಅಕ್ಕನೊಂದಿಗೆ ಹಿತ್ತಲಿಗೆ ಬಂದಳು. ಅಕ್ಕನ ಕೈಯಲ್ಲಿ ಹಳೆ ಸೀರೆಯ ಗಂಟು.

"ಮಾಸ್ಕ್ ಹಾಕ್ಕೊಂಡು ಕೂತ್ಕೊ," ಅಂದಳು ಅಕ್ಕ.

ಮಡಿಲಿಗೆ ಬಂದ ಮಗು ನೆನೆಸಿದ್ದಕ್ಕಿಂತ ಹಗುರವಾಗಿತ್ತು, ನೆನೆಸಿದ್ದಕ್ಕಿಂತ ಬಿಸಿಯಾಗಿತ್ತು. ನನ್ನ ಕಣ್ಣನ್ನೇ ಹುಡುಕಿದಂತೆ ನೋಡಿ, ಮುಖ ಮುದುರಿ, ಒಂದು ಸೀನು ಸೀನಿತು.

ತಟ್ಟನೆ ಅವ್ವನ ಎರಡು ಕೈ ಮುಂದೆ ಬಂದವು.

"ನೂರೊರ್ಸ ಬಾಳು ಕಂದ," ಅಂದಳು ಅಜ್ಜಿ, ಸೀನಿದ ಯಾವ ಮಗುವನ್ನಾದರೂ ಹರಸುವ ಹಾಗೆ.

ಚಾಚಿದ ಕೈಯನ್ನು ಏನು ಮಾಡುವುದೆಂದು ಅವ್ವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಮಗುವಿನ ಕುಲಾವಿ ಸರಿಮಾಡಿ, ನನ್ನ ಪಕ್ಕದಲ್ಲೇ ಕೂತಳು.