ಬಿಳಿ ಕಣಗಳನ್ನು ಎಬ್ಬಿಸುವ ಕೆಲಸ

ನಾನು ರಾಜ್ಮಾ ಕಾಳಿನೊಳಗೆ ಹುಟ್ಟಿದ ವಿಷ. ಹೆದರಬೇಡಿ, ಚೆನ್ನಾಗಿ ಕುದಿಸಿದರೆ ಸತ್ತೇಹೋಗುವ ಬಡಪಾಯಿ ವಿಷ. ಗಿಡವು ತನ್ನ ಕಾಳಿಗೆ ಕಾವಲಿರಲೆಂದು ನನ್ನನ್ನು ಅದರೊಳಗೆ ಇಟ್ಟಿತ್ತು. ಹಸಿಯಾಗಿ ತಿಂದವರು ವಾಂತಿ ಮಾಡಿಕೊಂಡು, ಮತ್ತೆ ಆ ಕಾಳಿನ ತಂಟೆಗೆ ಬರಬಾರದು. ಅಷ್ಟೇ ನನಗೆ ಒಪ್ಪಿಸಿದ ಕೆಲಸ. ಬಲ್ಲವರು ನನ್ನಂಥವರನ್ನು ಲೆಕ್ಟಿನ್ ಎನ್ನುತ್ತಾರೆ. ಜೀವಕೋಶಗಳ ಮೈಮೇಲೆ ಸಕ್ಕರೆಯ ಸಣ್ಣ ಎಳೆಗಳಿರುತ್ತವೆ. ಅವು ಕಂಡರೆ ಸಾಕು, ನಾವು ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ.

ನಮ್ಮ ಹೊಲದ ಕಾಳುಗಳೆಲ್ಲ ಅಡುಗೆಮನೆಗಳಿಗೆ ಹೋದವು. ನಾನಿದ್ದ ಚೀಲ ಮಾತ್ರ ಒಂದು ಕಾರ್ಖಾನೆಗೆ ಹೋಯಿತು. ಅಲ್ಲಿ ನೆನೆಸಿದರು, ಅರೆದರು, ಉಪ್ಪುನೀರಿನಲ್ಲಿ ಕಲಸಿ ಸೋಸಿದರು. ಸಿಪ್ಪೆ, ಹಿಟ್ಟು ಎಲ್ಲ ಆಚೆ ಹೋಗಿ ಕೊನೆಗೆ ಉಳಿದದ್ದು ನಾನು, ಹೆಬ್ಬೆರಳುದ್ದದ ಬಾಟಲಿಯ ತಳದಲ್ಲಿ ಒಂದಿಷ್ಟು ಬಿಳಿ ಪುಡಿ.

ಹುಬ್ಬಳ್ಳಿಯ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿಗೆ ನನ್ನನ್ನು ತಂದರು. ಡಾಕ್ಟರ್ ಅಂಬುಜಾ ಅವರ ಕುರ್ಚಿಯ ಹಿಂದಿನ ಫ್ರಿಜ್ಜೇ ನನ್ನ ಮನೆಯಾಯಿತು. ನನ್ನನ್ನು ಹೊರಗೆ ತೆಗೆಯುವುದು, ಒಳಗಿಡುವುದು ಟೆಕ್ನಿಷಿಯನ್ ರೆಹಾನಾಳ ಕೆಲಸ.

ನನ್ನ ಕೆಲಸವನ್ನೂ ಹೇಳಿಬಿಡುತ್ತೇನೆ. ನಿಮ್ಮ ರಕ್ತದ ಬಿಳಿ ಕಣಗಳು ಮೈ ಕಾಯುವ ಪಹರೆಯವು. ಶತ್ರು ಬಾರದಿದ್ದರೆ ಸುಮ್ಮನೆ ಮಲಗಿರುತ್ತವೆ. ಮಲಗಿದ ಕಣ ಒಡೆದು ಎರಡಾಗುವುದಿಲ್ಲ. ಎರಡಾಗುವ ಹೊತ್ತಿನಲ್ಲಿ ಮಾತ್ರ ಅದರೊಳಗಿನ ವರ್ಣತಂತುಗಳು, ಅಂದರೆ ಅಪ್ಪ ಅಮ್ಮನಿಂದ ಬಂದ ಗುಣಗಳನ್ನು ಸುತ್ತಿಟ್ಟ ದಾರಗಳು, ಮೈಕ್ರೋಸ್ಕೋಪಿಗೆ ಕಾಣುತ್ತವೆ. ಹಾಗಾಗಿ ಯಾರಾದರೂ ಎಬ್ಬಿಸಬೇಕು. ನಾನು ಕಣದ ಮೈಮೇಲಿನ ಎಳೆಗಳನ್ನು ಹಿಡಿದು ಒಂದೆಡೆಗೆ ಜಗ್ಗುತ್ತೇನೆ. ಶತ್ರು ಬಂದನೆಂದುಕೊಂಡು ಅದು ದಡಬಡಿಸಿ ಏಳುತ್ತದೆ, ಉಬ್ಬುತ್ತದೆ, ದಂಡು ಕೂಡಿಸಲು ತಾನೇ ಒಡೆಯತೊಡಗುತ್ತದೆ. ಶತ್ರು ಎಲ್ಲಿಯೂ ಇಲ್ಲ. ಅಷ್ಟರಲ್ಲಿ ರೆಹಾನಾ ಇನ್ನೊಂದು ಮದ್ದು ಹಾಕಿ ಅದನ್ನು ಅರ್ಧದಲ್ಲೇ ನಿಲ್ಲಿಸಿ, ಗಾಜಿನ ಮೇಲೆ ಬೀಳಿಸಿ, ಬಣ್ಣ ಹಚ್ಚುತ್ತಾಳೆ. ಸುಳ್ಳು ಹೇಳಿ ಎಬ್ಬಿಸಿ ಸಾಯಿಸುವ ಕೆಲಸ ನನ್ನದು. ಅದರಿಂದ ಯಾರಿಗೋ ನಿಜ ತಿಳಿಯುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಬಟ್ಟೆ ಅಂಗಡಿಯ ಚನ್ನವೀರ ತನ್ನ ಹೆಂಡತಿ ನೀಲಾಳನ್ನು ಕರೆದುಕೊಂಡು ಬಂದ. ಜೊತೆಗೆ ಅವನ ತಾಯಿ ಶಾಂತವ್ವ.

"ಈಕಿಗೆ ಬಸರ ನಿಲ್ಲಂಗಿಲ್ರಿ. ಮೂರು ಸಲ ಹೋತು. ನೋಡ್ರಿ, ಏನ್ ದೋಷ ಐತಿ" ಎಂದಳು ಶಾಂತವ್ವ.

ಡಾಕ್ಟರರು ಇಬ್ಬರ ರಕ್ತವನ್ನೂ ತೆಗೆಯಬೇಕೆಂದಾಗ ಆಕೆಗೆ ಸಿಟ್ಟೇ ಬಂತು. "ಇವನದ್ಯಾಕ್ ಬೇಕ್ರಿ? ಬಸರಾಗಾಕಿ ಆಕಿ!"

ಅಂತೂ ಇಬ್ಬರ ರಕ್ತದಲ್ಲೂ ನನ್ನನ್ನು ಬೆರೆಸಿದರು. ಇಬ್ಬರ ಕಣಗಳೂ ಒಂದೇ ರೀತಿ ಬೆಚ್ಚಿಬಿದ್ದು ಎದ್ದವು. ಆ ಹೊತ್ತಿನಲ್ಲಿ ಗಂಡನ ಕಣ, ಹೆಂಡತಿಯ ಕಣ ಎಂಬ ಭೇದವೇ ನನಗೆ ಕಾಣಲಿಲ್ಲ.

ಫಲಿತಾಂಶದ ದಿನ ಡಾಕ್ಟರರು ಗಂಡ ಹೆಂಡತಿಯನ್ನು ಮಾತ್ರ ಒಳಗೆ ಕರೆದರು. "ಚನ್ನವೀರ, ನಿಮ್ಮ ಎರಡು ವರ್ಣತಂತುಗಳ ತುಣುಕು ಅದಲುಬದಲಾಗ್ಯಾವ. ನಿಮಗ ಅದರಿಂದ ಏನೂ ತ್ರಾಸಿಲ್ಲ. ಕೂಸಿಗೆ ಹೋಗೂವಾಗ ಒಂದು ಹೆಚ್ಚು, ಒಂದು ಕಡಿಮಿ ಆಗ್ತದ, ಅದಕ್ಕ ಬಸರ ನಿಲ್ಲವಲ್ದು. ನೀಲಾ ಅವರದು ಏನೂ ದೋಷ ಇಲ್ಲ. ಇದು ಯಾರ ತಪ್ಪೂ ಅಲ್ಲ. ನಿಮ್ಮಂಥವರಿಗೆ ಛಲೋ ಕೂಸು ಹುಟ್ಯಾವ, ಹುಟ್ಟತಾವ. ಇಬ್ಬರೂ ಕೂಡಿ ಬರ್ರಿ, ದಾರಿ ಅದ."

ಫ್ರಿಜ್ಜಿನೊಳಗಿದ್ದ ನನಗೆ ನೀಲಾ ಅಳುವುದು ಕೇಳಿಸಿತು. ಮೂರು ಸಲ ಹೊತ್ತುಕೊಂಡಿದ್ದ ಕೆಟ್ಟ ಹೆಸರು ಇಳಿದವಳ ಅಳು ಅದು.

"ಅವ್ವಗ ಮಾತ್ರ ಹೇಳಬ್ಯಾಡ" ಎಂದ ಚನ್ನವೀರ. "ಹೊತ್ತು ನೋಡಿ ನಾನ ಹೇಳ್ತೀನಿ."

"ಆತು ಬಿಡ್ರಿ. ನನಗ ಗೊತ್ತಾತಲ್ಲ, ಸಾಕು" ಎಂದಳು ನೀಲಾ.

ಅವನ ಆ ಹೊತ್ತು ಬರಲೇ ಇಲ್ಲ. ಮುಂದಿನ ವರ್ಷ ನೀಲಾ ಒಬ್ಬಳೇ ಬಂದಳು. ದನಿ ಒಣಗಿಹೋಗಿತ್ತು. "ಹಿರ್ಯಾರನ್ನ ಕೂಡಿಸಿ ನನ್ನ ಬಿಡಿಸಿದ್ರು ಡಾಕ್ಟರ್. ಬಂಜಿ ಅಂದ್ರು. ಇವ್ರು ನೆಲಾ ನೋಡ್ಕೋತ ಕುಂತಿದ್ರು. ಈಗ ಗುರುದೇವಿ ಅನ್ನೂ ಹುಡುಗೀನ ತಂದಾರ. ಆಕಿಗೂ ಹೋತಂತ. ನೀವು ಆಕಿಗೆ ಖರೇ ಹೇಳ್ರಿ."

"ಅವರ ರಕ್ತದ ಮಾತು ಅವರನ್ನ ಕೇಳದ ನಾ ಹೇಳೂ ಹಂಗಿಲ್ಲ, ನೀಲಾ. ಕಾಯ್ದೆ ಅದ."

"ಕಾಯ್ದೆ ನಿಮಗ ಐತಿ. ನನಗಿಲ್ಲ" ಎಂದು ನೀಲಾ ಎದ್ದು ಹೋದಳು.

ಅವಳು ಸೀದಾ ಆ ಮನೆಗೇ ಹೋಗಿದ್ದಳೆಂದು ನಮಗೆ ಗೊತ್ತಾದದ್ದು ಗುರುದೇವಿಯ ಬಾಯಿಂದ. ಚನ್ನವೀರ ಗುರುದೇವಿಯನ್ನೂ ಇಲ್ಲಿಗೇ ಕರೆತಂದು ಅವಳ ರಕ್ತವನ್ನು ಮಾತ್ರ ಕೊಡಿಸಿ, ತನ್ನದು ಹಿಂದೆಯೇ ನೋಡಿ ಆಗಿದೆ, ಏನೂ ಇಲ್ಲ ಎಂದು ಅವಳಿಗೆ ಹೇಳಿದ್ದ. ಅವಳ ಕಣಗಳನ್ನೂ ನಾನು ಎಬ್ಬಿಸಿದೆ. ದಾರಗಳೆಲ್ಲ ಸರಿಯಾಗಿದ್ದವು. ಅದನ್ನು ಕೇಳಲು ಇಬ್ಬರೂ ಬಂದ ದಿನ ಬೇರೆ ಯಾರದೋ ಪರೀಕ್ಷೆಗೆಂದು ರೆಹಾನಾ ನನ್ನನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದಳು. ಹಾಗಾಗಿ ಆ ದಿನ ನಾನು ಮುಖಗಳನ್ನೂ ನೋಡಿದೆ.

"ನಿಮ್ಮದು ಎಲ್ಲಾ ಸರಿ ಅದ" ಎಂದರು ಡಾಕ್ಟರರು.

ಗುರುದೇವಿ ತಲೆಯೆತ್ತಿದಳು. ಇಪ್ಪತ್ತೆರಡು ತುಂಬಿತ್ತೋ ಇಲ್ಲವೋ. "ಮೊದಲಿನಾಕಿ ನಮ್ಮನಿಗೆ ಬಂದಿದ್ಲು. ದೋಷ ಇವರದು, ನಿಂದಲ್ಲ ಅಂದ್ಲು. ನಮ್ಮತ್ತಿ ಕಸಬರಿಗಿ ತಗೊಂಡು ಹೊರಗ ಹಾಕಿದ್ರು. ಆಕಿ ಹೇಳಿದ್ದು ಖರೇನ್ರಿ?"

ಡಾಕ್ಟರರು ಚನ್ನವೀರನ ಮುಖ ನೋಡಿದರು. "ನೀವ ಹೇಳ್ರಿ."

"ಆಕಿ ಹುಚ್ಚಿ" ಎಂದ ಚನ್ನವೀರ.

"ಹಂಗಾರ ಇಲ್ಲೇ ನನ್ನ ಮುಂದ ರಕ್ತಾ ಕೊಡ್ರಿ" ಎಂದಳು ಗುರುದೇವಿ.

ಡಾಕ್ಟರರು ಕಣ್ಸನ್ನೆ ಮಾಡಿದರು. ರೆಹಾನಾ ಸೂಜಿ, ನಳಿಗೆ ತಂದಳು. ಚನ್ನವೀರ ಅಂಗಿಯ ತೋಳನ್ನು ಮಡಿಸಿಕೊಂಡದ್ದೂ ಆಯಿತು. ರೆಹಾನಾ ರಬ್ಬರ್ ಪಟ್ಟಿ ಕಟ್ಟಲು ಬಗ್ಗಿದಾಗ ಅವನು ಕೈ ಹಿಂದಕ್ಕೆಳೆದುಕೊಂಡ. "ಅಂಗಡ್ಯಾಗ ಮಂದಿ ಕಾಯಾಕತ್ತಾರ" ಎನ್ನುತ್ತ ತೋಳು ಇಳಿಸಿ, ಗುಂಡಿ ಹಾಕಿಕೊಂಡು ಹೊರಗೆ ನಡೆದ.

ಗುರುದೇವಿ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು. ರೆಹಾನಾ ಬಾಗಿಲವರೆಗೂ ಹೋಗಿ, "ಅಕ್ಕಾ, ತವರಿಗೆ ಹೋಗ್ರಿ" ಎಂದಳು.

"ತಂಗೀದು ಇನ್ನೂ ಮದವಿ ಆಗಿಲ್ಲವ್ವಾ. ನಾ ತಿರುಗಿ ಹೋದ್ರ ಆಕಿನ್ನ ಯಾರ್ ಮಾಡ್ಕೋತಾರ?"

ಕೆಳಗೆ ಮೋಟಾರ್ ಸೈಕಲ್ ಶುರುವಾದ ಸದ್ದು ಬಂತು. ಕಿಟಕಿಯಲ್ಲಿ ನಿಂತಿದ್ದ ರೆಹಾನಾ, "ಹಿಂದ ಕುಂತು ಹೋದ್ಲು ನೋಡ್ರಿ" ಎಂದಳು. ಡಾಕ್ಟರರು ಕನ್ನಡಕ ತೆಗೆದು ಒರೆಸುತ್ತ ಕೂತರು.

ನನ್ನ ಅವಧಿ ಮುಗಿದು ಈಗ ಬಹಳ ಕಾಲವಾಯಿತು. ಹೊಸ ಬಾಟಲಿ ಬಂದಿದೆ. ಎಸೆಯಲು ಮರೆತರೋ ಏನೋ, ಫ್ರಿಜ್ಜಿನೊಳಗೆ ಹಿಂಬದಿಯಲ್ಲಿ ಗಟ್ಟಿಯಾದ ಹಿಮದ ನಡುವೆ ಬಿದ್ದಿದ್ದೇನೆ. ಬಾಟಲಿಯ ತಳದಲ್ಲಿ ಇನ್ನೂ ಚಿಟಿಕೆಯಷ್ಟು ಪುಡಿಯಿದೆ. ಅದರಲ್ಲಿ ಕಸುವಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ.

ಎಷ್ಟೋ ರಕ್ತಗಳನ್ನು ಕಂಡೆ. ಒಂದು ಕಣವೂ ನನ್ನ ಕೈಯಿಂದ ಮೈ ಬಿಡಿಸಿಕೊಂಡು, ನನಗೆ ಕೆಲಸವಿದೆ ಎಂದು ಹೋಗಲಿಲ್ಲ. ಇಲ್ಲದ ಶತ್ರುವಿಗಾಗಿ ಎದ್ದು ನಿಂತು ಸತ್ತವು. ಮನುಷ್ಯನ ಮೈಯೊಳಗೆ ಅಷ್ಟು ಸೂಕ್ಷ್ಮವಾದ ಪಹರೆ ಇದ್ದೂ, ಹೊರಗಿನ ಮನುಷ್ಯ ಹಾಗೇಕೆ ಎಂದು ಯೋಚಿಸುತ್ತೇನೆ. ವಿಷವಾದ ನನಗೆ ಅದು ತಿಳಿಯುವುದಿಲ್ಲ.

ನೀಲಾ ಮತ್ತೆ ಇತ್ತ ಬರಲಿಲ್ಲ. ಕಸಬರಿಗೆಯ ಏಟು ತಿಂದು ತಾನು ಹೇಳಿ ಬಂದ ಮಾತನ್ನು ಗುರುದೇವಿ ನಂಬಿದ್ದಳು ಎಂದು ಅವಳಿಗೆ ಯಾರೂ ಹೋಗಿ ಹೇಳಲಿಲ್ಲ.