ನೀಲವ್ವನ ಕೆಂಪು ಕೆನ್ನೆ

ನಾನು ಒಂದು ಜಲವರ್ಣ ಚಿತ್ರ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟಿದೆ. ಗದಗಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಹೂಗಾರ ಮಾಸ್ತರರ ಕೈಯಲ್ಲಿ ಒಂದು ಶನಿವಾರ ಬೆಳಿಗ್ಗೆ ಹುಟ್ಟಿದೆ. ಎದುರಿಗೆ ಕೂತವಳು ಹದಿನಾರರ ನೀಲವ್ವ, ಅದೇ ಶಾಲೆಯ ಕಮಿಟಿ ಅಧ್ಯಕ್ಷ ಈರಪ್ಪನ ಮಗಳು.

"ಸ್ವಲ್ಪ ನಗವಾ," ಅಂದರು ಮಾಸ್ತರರು.

"ನಗು ಎಲ್ಲಿಂದ ತರ್ಲಿರೀ ಸರ? ನಮ್ಮಪ್ಪ ಸಾಲಿ ಬಿಡಿಸಿ ಲಗ್ನಾ ಮಾಡಾಕ ಹೊಂಟಾನ. ನಾ ಬಾಯಿ ಬಿಟ್ರ ಬಡೀತಾನ. ಮಾರಿ ಹೆಂಗೈತಿ ಹಂಗ ಬರೀರಿ. ಅವಂಗ ತೋರಿಸ್ರಿ."

ಮಾಸ್ತರರು ಚೆನ್ನಾಗಿಯೇ ಬರೆದರು, ಸುಳ್ಳು ಯಾಕೆ ಹೇಳಲಿ. ಬಿಗಿದ ತುಟಿ, ನೆಟ್ಟ ಕಣ್ಣು. ಹಾಳೆ ಒದ್ದೆ ಇರುವಾಗಲೇ ಕೆನ್ನೆಗೆ ಕೆಂಪು ಬಿಟ್ಟರು. ಅದು ಹರಡಿ ಕಿವಿಯವರೆಗೂ ಹೋಯಿತು. ಸಿಟ್ಟು ಏರಿದರೆ ಕಿವಿಯೂ ಕೆಂಪಾಗುತ್ತದೆ ಅನ್ನುವುದು ತಿಳಿಯದ ಜನ ಇರುತ್ತಾರಾ? ಇದ್ದರು.

ಗಂಡಿನ ಕಡೆಯವರು ಬಂದ ದಿನವೇ ಮಾಸ್ತರರು ನನಗೆ ಕಟ್ಟು ಹಾಕಿಸಿ ಈರಪ್ಪನ ಮನೆಗೆ ತಂದರು. ನೀಲವ್ವ ಅವಲಕ್ಕಿ ತಟ್ಟೆ ಇಟ್ಟು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಳು. ನೋಡಲು ಬಂದವರು ಹೆಸರು ಕೇಳಿದರೆ ಹೆಸರಷ್ಟೇ ಹೇಳಬೇಕು, ಬೇರೆ ಮಾತಿಲ್ಲ. ಹಾಗಾಗಿ ಅವಳ ಮಾತೆಲ್ಲ ನನ್ನ ಮುಖದ ಮೇಲೇ ಇತ್ತು.

ಗಂಡಿನ ತಾಯಿ ನನ್ನನ್ನು ನೋಡಿದ್ದೇ ತಡ, "ಅಯ್ಯ, ಎಷ್ಟು ನಾಚ್ಯಾಳ ನೋಡ್ರಿ!" ಅಂದಳು.

ಈರಪ್ಪ ಹಿಗ್ಗಿಹೋದ. "ಹೌದಿಲ್ರಿ ಮಾಸ್ತರ? ನಾಚಿಕಿ ಅಲ್ಲೇನ್ರಿ ಇದು?"

ನೀಲವ್ವ ತಲೆಯೆತ್ತಿ ಮಾಸ್ತರರನ್ನೇ ನೋಡಿದಳು. ಒಂದು ಮಾತು ಸಾಕಿತ್ತು. ಮಾಸ್ತರರು ಚಹಾದ ಬಟ್ಟಲು ನೋಡುತ್ತಾ, "ಹೌದ್ರಿ, ನಾಚಿಕೀನ," ಅಂದರು.

ಥೂ! ಬರೆಯುವಾಗ ಇದ್ದ ಧೈರ್ಯ ಬಾಯಿಗೆ ಬರಲಿಲ್ಲವೇ?

ವೈಶಾಖದಲ್ಲಿ ಮದುವೆ ಆಗಿಹೋಯಿತು. ನೀಲವ್ವ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಾನು ಹತ್ತಿದೆ! ಈರಪ್ಪ ನನ್ನನ್ನು ಶಾಲೆಗೆ ಕೊಟ್ಟ. ಕೆಳಗೆ 'ನಾಚಿಕೆ' ಎಂದು ಚೀಟಿ ಅಂಟಿಸಿ ಹೆಡ್‌ಮಾಸ್ತರರ ಕೋಣೆಯಲ್ಲಿ ತೂಗುಹಾಕಿದರು. ಬಂದವರೆಲ್ಲ "ಎಂಥ ಲಕ್ಷಣದ ಹುಡುಗಿ" ಅನ್ನುವವರೇ. ಮೂವತ್ತು ವರ್ಷ ಕೇಳಿದೆ, ಮೈಯೆಲ್ಲ ಉರಿದುಹೋಯಿತು.

ಈಗ ಆಟದ ಸಾಮಾನಿನ ಕೋಣೆಯಲ್ಲಿದ್ದೇನೆ. ಮೂಲೆಗೆ ಬೂಷ್ಟು ಹಿಡಿದಿದೆ. ಹೋದ ತಿಂಗಳು ಹೂಗಾರ ಮಾಸ್ತರರು ಕೋಲೂರಿಕೊಂಡು ಬಂದರು. ನನ್ನನ್ನು ನೋಡಿ ಅತ್ತರು. "ತಪ್ಪಾತವಾ ನೀಲವ್ವ," ಅಂದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದರು. ಈಗಲಾದರೂ ಆ ಚೀಟಿ ಹೊಡೆದುಹಾಕುತ್ತಾರೆ ಎಂದು ನನಗೂ ಆಸೆಯಾಯಿತು.

ಅವರು ನನ್ನನ್ನು ತಿರುಗಿಸಿದರು. ಬೆನ್ನಿನ ರಟ್ಟಿನ ಮೇಲೆ, ಸಣ್ಣ ಅಕ್ಷರದಲ್ಲಿ, 'ಸಿಟ್ಟು' ಎಂದು ಬರೆದರು. ಮತ್ತೆ ಗೋಡೆಗೆ ಹಾಕಿ, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ಕಣ್ಣಾಡಿಸಿ ಹೊರಟುಹೋದರು.

ಈರಪ್ಪ ಸತ್ತು ಹನ್ನೊಂದು ವರ್ಷವಾಯಿತು. ಇನ್ನೂ ಯಾರಿಗೆ ಹೆದರ್ತೀರಿ ಮಾಸ್ತರ?